ಸುಬ್ಬಕ್ಕನ ಹಸಿರು ಗ್ಲಾಡಿಯೋಲಸ್

ಕಟ್.

ಗಂಗಾಂಬಿಕಾ ಕಣ್ಣು ಬಿಟ್ಟಳು. ಬಿಟ್ಟಳು ಎನ್ನುವುದೂ ಅಷ್ಟು ಸರಿಯಲ್ಲ. ಮುಚ್ಚಿದ್ದರೆ ತಾನೆ ಬಿಡುವುದು. ಪಕ್ಕದಲ್ಲಿ ಗಂಡ ಮಧುಕೇಶ್ವರ, ಸಿರ್ಸಿ ಪೇಟೆಯಲ್ಲಿರುವ ತನ್ನ ಪೈಪು, ಪಂಪುಗಳ ಅಂಗಡಿಯನ್ನು ಪೂರ್ತಿ ಮರೆತು ಗೊರಕೆ ಹೊಡೆಯುತ್ತಿದ್ದ. ಒಂದು ಗೊರಕೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಸಂದಿಯಲ್ಲಿ ಮತ್ತೆ ಕೇಳಿಸಿತು.

ಕಟ್.

ಅದು ಹಲ್ಲಿಯಲ್ಲ. ಇಲಿಯಲ್ಲ. ಚಳಿಗೆ ಬಿಗಿಯುವ ಕಿಟಕಿಯ ಚೌಕಟ್ಟೂ ಅಲ್ಲ, ಫ್ರಿಜ್ಜು ತನ್ನಷ್ಟಕ್ಕೆ ಮೈಮುರಿಯುವ ಸದ್ದೂ ಅಲ್ಲ. ರಾತ್ರಿ ಮನೆಯಲ್ಲಿ ಯಾವುದು ಎಷ್ಟು ಹೊತ್ತಿಗೆ ಹೇಗೆ ಸದ್ದು ಮಾಡುತ್ತದೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ಆ ಸದ್ದು ಮಾಡುವವುಗಳಿಗೂ ಗೊತ್ತಿರಲಿಕ್ಕಿಲ್ಲ. ಇದು ಕತ್ತರಿ. ಹಸಿ ದಂಟನ್ನು ಕತ್ತರಿಸುತ್ತಿರುವ ಕತ್ತರಿ. ಸದ್ದು ಬರುತ್ತಿದ್ದದ್ದು ಹಿತ್ತಿಲ ಹೂವಿನ ಪಾತಿಯಿಂದ.

ಬೇರೆ ಯಾರಾದರೂ ಆಗಿದ್ದರೆ ದೀಪ ಹಾಕುತ್ತಿದ್ದರು, ಗಂಡನನ್ನು ಎಬ್ಬಿಸುತ್ತಿದ್ದರು, ‘ಕಳ್ಳ, ಕಳ್ಳ’ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಗಂಗಾಂಬಿಕಾಳಿಗೆ ಅದರಲ್ಲಿ ಒಂದೂ ಸಾಧ್ಯವಿರಲಿಲ್ಲ. ಏಕೆಂದರೆ ಆ ಪಾತಿಯಲ್ಲಿದ್ದ ಗ್ಲಾಡಿಯೋಲಸ್ಸನ್ನು ಅವಳೇ ಕದ್ದು ತಂದಿದ್ದಳು.

ಕದ್ದಳು ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಹೂವಿನ ಗಿಡ ಕೇಳಿ ತಂದರೆ ಬರುವುದಿಲ್ಲ, ಕದ್ದು ತಂದರೆ ಬರುತ್ತದೆ ಎಂದು ಅವರ ಓಣಿಯ ಹೆಂಗಸರೆಲ್ಲರ ನಂಬಿಕೆ. ಆದರೆ ಮರ್ಯಾದಸ್ಥರ ಓಣಿಯಲ್ಲಿ ಕಳ್ಳತನವೂ ಮರ್ಯಾದೆಯಿಂದಲೇ ನಡೆಯಬೇಕಲ್ಲ. ಅದಕ್ಕೆ ಒಂದು ಕ್ರಮ ಇತ್ತು. ಕದಿಯುವವಳು ಮೊದಲು ಗಿಡವನ್ನು ಹೊಗಳಬೇಕು. ಆಮೇಲೆ ಬಾಯಾರಿಕೆ ಎಂದು ನೀರು ಕೇಳಬೇಕು. ಗಿಡದ ಯಜಮಾನಿ ಒಳಗೆ ಹೋಗಿ, ಬೇಕೆಂದೇ ತಡಮಾಡಿ, ಲೋಟ ತೊಳೆದು, ಮತ್ತೊಮ್ಮೆ ತೊಳೆದು ನೀರು ತರಬೇಕು. ಅಷ್ಟರೊಳಗೆ ಟೊಂಗೆಯೊಂದು ಕೈಚೀಲದೊಳಗೆ ಇಳಿದಿರುತ್ತದೆ. ಅಕ್ಕಪಕ್ಕ ಯಾರಾದರೂ ನಿಂತಿದ್ದರೆ ಅವರು ಆಕಾಶ ನೋಡಬೇಕು. ಯಾರೂ ಯಾರಿಗೂ ಉಪಕಾರವಾಯಿತು ಎನ್ನುವಂತಿಲ್ಲ. ಹಾಗೆ ಅಂದುಬಿಟ್ಟರೆ ಗಿಡ ಒಣಗುತ್ತದೆ. ರಾಜೀವಿ ಟೀಚರ ಮನೆಯ ಕೇಸರಿ ದಾಸವಾಳ ಹೀಗೆಯೇ ಇಡೀ ಓಣಿ ಸುತ್ತಿತ್ತು; ಟೀಚರ ಮೂಲ ಗಿಡ ಸತ್ತಾಗ ನಾಲ್ಕನೆಯ ಮನೆಯಿಂದ ಅವರೇ ಅದನ್ನು ಮತ್ತೆ ಕದ್ದು ತಂದಿದ್ದರು.

ಗಂಗಾಂಬಿಕಾಳಿಗೆ ಮಾತ್ರ ಇದು ಒಗ್ಗಲಿಲ್ಲ. ಹೊಗಳುವುದನ್ನು ಹೇಗೋ ಮುಗಿಸುತ್ತಿದ್ದಳು. ನೀರು ಬಂದಾಗ ಸುಮ್ಮನೆ ಕುಡಿದು ಬರುತ್ತಿದ್ದಳು. ಊರಿಗೆ ಹೋಗುವಾಗ ಎಲ್ಲರೂ ಕೀಲಿಕೈ ಬಿಟ್ಟು ಹೋಗುವುದು ಅವಳ ಬಳಿ. ಅಡಿಗೆಮನೆಯ ಗೋಡೆಗೆ ಹೊಡೆದ ಮೊಳೆಗಳಲ್ಲಿ ಅರ್ಧ ಓಣಿಯ ಕೀಲಿಕೈ ತೂಗುತ್ತಿದ್ದವು. ಅವುಗಳನ್ನು ನೋಡಿದರೆ ಅವಳಿಗೆ ಸಮಾಧಾನವಾಗುತ್ತಿತ್ತು; ಜೀವನದಲ್ಲಿ ಅಷ್ಟಾದರೂ ಗಳಿಸಿದ್ದೇನೆ ಎನ್ನಿಸುತ್ತಿತ್ತು.

ಹಾಗಾಗಿ ಗ್ಲಾಡಿಯೋಲಸ್ ಬೆಳೆಸಬೇಕೆಂಬ ಆಸೆ ಬಂದಾಗ ಮೊದಲ ವರ್ಷ ಗಡ್ಡೆಗಳನ್ನು ಮೊಬೈಲಿನಲ್ಲಿ ಆರ್ಡರ್ ಮಾಡಿದಳು. ಮಳೆ ಕಳೆದ ಮೇಲೆ ಎತ್ತರದ ಪಾತಿ ಮಾಡಿ, ಮರಳು ಬೆರೆಸಿ, ಮೊಳಕೆಯ ಕಣ್ಣು ಮೇಲೆ ಬರುವಂತೆ ನಾಲ್ಕು ಬೆರಳು ಆಳಕ್ಕೆ ನೆಟ್ಟಳು. ಇಲ್ಲಿಯವರೆಗೆ ತಪ್ಪಿಲ್ಲ. ಮರುದಿನ ಮೊಳೆಯಿತೋ ಇಲ್ಲವೋ ಎಂಬ ಚಿಂತೆ ಹತ್ತಿತು. ತಲೆಯಲ್ಲಿದ್ದ ಹೇರ್‌ಪಿನ್ನಿನಿಂದ ಮಣ್ಣು ಕೆದರಿ ನೋಡಿ ಮತ್ತೆ ಮುಚ್ಚಿದಳು. ಅದರ ಮರುದಿನ ಸುಮ್ಮನೆ ಖಾತ್ರಿಗೆ ಇನ್ನೊಮ್ಮೆ. ಹೀಗೆ ದಿನವೂ ನೋಡಿಸಿಕೊಂಡ ಗಡ್ಡೆಗಳು ನಾಚಿಕೊಂಡವೋ ಏನೋ, ಮೇಲೇಳಲೇ ಇಲ್ಲ. ಎರಡನೆಯ ವರ್ಷ ರಾಜೀವಿ ಟೀಚರ ಬಳಿ ಬಾಯಿಬಿಟ್ಟು ಕೇಳಿ ಕೆಂಪು ಗ್ಲಾಡಿಯೋಲಸ್ಸಿನ ಗಡ್ಡೆ ತಂದಳು. ಈ ಸಲ ಕೆದರಲಿಲ್ಲ. ಒಣಗೀತು ಎಂದು ಹೆದರಿ ನೀರು ಹಾಕಿದಳು, ಹಾಕುತ್ತಲೇ ಹೋದಳು. ಗಡ್ಡೆ ಕೊಳೆತು ಅಂಟಾಯಿತು.

“ಕೇಳಿ ತಂದದ್ದು ಎಲ್ಲೆರೆ ಬರ್ತದೇನು? ಕದಿ,” ಎಂದಳು ಅತ್ತೆ ಪಾರ್ವತವ್ವ, ಹೊಸ್ತಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ.

“ಅತ್ತೀ, ನಾ ಬಿ.ಎ. ಮಾಡೇನ್ರೀ.”

“ಕದಿಯಾಕ ಬಿ.ಎ. ಅಡ್ಡ ಬರೂದಿಲ್ಲೇಳು. ಹೆದರಿಕಿ ಅಡ್ಡ ಬರ್ತದ. ಬಾಜೂದಾಕಿ ಮನ್ಯಾಗ ಅದಾವಲ್ಲ, ಆ ಕತ್ತಿ ಗಿಡ, ಅವನ್ನ ತಾ.”

ಪಕ್ಕದ ಮನೆಯವಳು ಎಂದರೆ ಸುಬ್ಬಲಕ್ಷ್ಮಿ. ಹೂದೋಟ ಮಾಡುವ ಓಣಿಯ ಹೆಂಗಸರ ‘ಅಂಗಳ ಬಳಗ’ದ ಅಧ್ಯಕ್ಷೆ. ಎಲೆ ಕತ್ತಿಯಂತಿರುವ ಗಿಡಕ್ಕೆ ಪಾರ್ವತವ್ವ ಕತ್ತಿ ಗಿಡ ಎನ್ನುತ್ತಿದ್ದಳು, ಸುಬ್ಬಲಕ್ಷ್ಮಿ ಮಾತ್ರ ಪೂರ್ತಿ ಹೆಸರನ್ನು ನಿಧಾನವಾಗಿ ಹೇಳಿ ಎಲ್ಲರಿಂದಲೂ ಹೇಳಿಸುತ್ತಿದ್ದಳು. ಅವಳ ಬಳಿ ಇದ್ದ ಬಣ್ಣ ಇಡೀ ಸಿರ್ಸಿಯಲ್ಲಿ ಬೇರೆಲ್ಲೂ ಇಲ್ಲ ಎಂದು ಪ್ರತೀತಿ: ಎಳೆ ಬಾಳೆಲೆಯ ಹಸಿರು, ಗಂಟಲಲ್ಲಿ ಕೋಕಂ ಹಣ್ಣಿನ ಕೆಂಪು. ಆ ಒಂದು ಗಿಡಕ್ಕೆ ಮಾತ್ರ ಓಣಿಯ ಕ್ರಮ ಅನ್ವಯಿಸುತ್ತಿರಲಿಲ್ಲ. “ಟೊಂಗೆ ಮುರಿದ್ರೆ ಗಿಡ ಉಳೀತದೆ. ಗಡ್ಡೆ ಒಯ್ದ್ರೆ ಗಿಡವೇ ಹೋತಲ್ರಿ,” ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಯಾರಾದರೂ ಹಸಿರು ಗ್ಲಾಡಿಯೋಲಸ್ಸಿನ ಹತ್ತಿರ ನಿಂತು ನೀರು ಕೇಳಿದರೆ ಅವಳು ಅಲ್ಲಿಂದಲೇ ಗಂಡನನ್ನು ಕೂಗಿ ನೀರು ತರಿಸುತ್ತಿದ್ದಳು.

ಮಳೆಗಾಲದ ಕೊನೆಗೆ ಸುಬ್ಬಲಕ್ಷ್ಮಿ ಗಂಡನ ಜೊತೆ ಯಲ್ಲಾಪುರಕ್ಕೆ ಮದುವೆಗೆ ಹೋದಳು. ಹೋಗುವಾಗ ಕೀಲಿಕೈಯನ್ನು ಗಂಗಾಂಬಿಕಾಳ ಕೈಗೆ ಕೊಟ್ಟು, ಬೆಕ್ಕಿಗೆ ಹಾಲು ಹಾಕಲು ಹೇಳಿದಳು. ಬೆಕ್ಕಿನ ಬಟ್ಟಲು ಹಿಂದಿನ ಜಗುಲಿಯಲ್ಲಿತ್ತು. ಅದರ ನೇರ ಮೇಲೆ, ಬಲೆಚೀಲದಲ್ಲಿ, ಬೇವಿನ ಎಲೆಯ ನಡುವೆ, ನೆಡಲು ಒಣಗಿಸಿಟ್ಟ ಹಸಿರು ಗ್ಲಾಡಿಯೋಲಸ್ಸಿನ ಗಡ್ಡೆಗಳು ತೂಗುತ್ತಿದ್ದವು. ಗಂಗಾಂಬಿಕಾ ಮೊದಲ ದಿನ ಬೆಕ್ಕನ್ನು ಮಾತ್ರ ನೋಡಿದಳು. ಎರಡನೆಯ ದಿನ ಚೀಲವನ್ನೂ ನೋಡಿದಳು. ಮೂರನೆಯ ದಿನ ಪಾರ್ವತವ್ವ “ಮರಿಗಡ್ಡಿ ನಾಕು ತೊಗೊಂಡ್ರ ಆಕೀಗೇನ್ ಗೊತ್ತಾಗ್ತದ?” ಎಂದಳು. ಅದೇ ದಿನ ಗಂಗಾಂಬಿಕಾ ಚೀಲದ ಗಂಟು ಬಿಚ್ಚಿದಳು. ಭಯದಲ್ಲಿ ಮರಿಗಡ್ಡೆ ಯಾವುದು, ತಾಯಿಗಡ್ಡೆ ಯಾವುದು ಎಂದು ತಿಳಿಯದೆ ಕೈಗೆ ಸಿಕ್ಕಿದ ದಪ್ಪ ದಪ್ಪವನ್ನೇ ಸೆರಗಿಗೆ ಹಾಕಿಕೊಂಡಳು. ಬೆಕ್ಕು ಆಕಾಶ ನೋಡಲಿಲ್ಲ. ಅವಳನ್ನೇ ನೋಡಿತು.

ನೆಟ್ಟಾದ ಮೇಲೆ, ಯಾರೋ ಕೇಳಿದಾಗ, “ಹಾವೇರಿಯಿಂದ ಚಿಕ್ಕಮ್ಮನ ಮಗಳು ಕಳಿಸ್ಯಾಳ್ರಿ,” ಎಂದಳು. ಅವಳಿಗೆ ಹಾವೇರಿಯಲ್ಲಿ ಚಿಕ್ಕಮ್ಮನೇ ಇರಲಿಲ್ಲ.

ಆ ರಾತ್ರಿ ಮಲಗಿದಾಗ ಅವಳಿಗೆ ಹೊಳೆಯಿತು. ಮಲ್ಲಿಗೆ ಕದ್ದರೆ ಮಲ್ಲಿಗೆ ಎಲ್ಲ ಕಡೆ ಬಿಳಿ. ಈ ಗಡ್ಡೆ ಹೂ ಬಿಟ್ಟ ದಿನ ಬಣ್ಣವೇ ಸಾಕ್ಷಿ ಹೇಳುತ್ತದೆ. ಬೆಕ್ಕಿಗೆ ಹಾಲು ಹಾಕಲು ಕೊಟ್ಟ ಕೀಲಿಕೈಯಿಂದ ಕದ್ದವಳು ಎಂದು ಗೊತ್ತಾದರೆ ಅಡಿಗೆಮನೆಯ ಗೋಡೆಯಲ್ಲಿ ಮೊಳೆ ಮಾತ್ರ ಉಳಿಯುತ್ತದೆ.

ಅಂದಿನಿಂದ ಅವಳು ಆ ಪಾತಿಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಕೆದರಲಿಲ್ಲ. ನೀರನ್ನು ನೆನಪಾದಾಗ ದೂರದಿಂದ ಪೈಪಿನಲ್ಲಿ ಒಂದಿಷ್ಟು ಚಿಮುಕಿಸಿ, ತನಗೂ ಅದಕ್ಕೂ ಸಂಬಂಧವಿಲ್ಲದ ಹಾಗೆ ಒಳಗೆ ಬರುತ್ತಿದ್ದಳು. ದೇವರೇ, ಇದು ಬಾರದಿರಲಿ ಎಂದು ಬೇಡಿಕೊಂಡಳು. ಗಿಡಗಳು ಇಂಥ ಸುಖವನ್ನು ಎಂದೂ ಕಂಡಿರಲಿಲ್ಲ. ಸೊಂಟದೆತ್ತರ ಬೆಳೆದವು. ಎಲೆಗಳು ಹರಿತವಾಗಿ ಹೊಳೆದವು. ಧನುರ್ಮಾಸದ ಚಳಿಗೆ ಒಂದೊಂದು ಗಿಡವೂ ಉದ್ದನೆಯ ಹೂದಂಟೆತ್ತಿತು.

“ನಾ ಹೇಳಲಿಲ್ಲೇನು?” ಎಂದು ಪಾರ್ವತವ್ವ ಕಂಡಕಂಡವರಿಗೆ ಸುದ್ದಿ ಹಂಚಿದಳು. “ನಮ್ಮ ಸೊಸೀ ಕೈಗುಣ. ಬರ್ರಿ, ನೋಡ್ರಿ.”

ಅಂಗಳ ಬಳಗದವರು ವರ್ಷಕ್ಕೊಮ್ಮೆ ಸದಸ್ಯರ ಹೂದೋಟಗಳನ್ನು ಒಂದೊಂದಾಗಿ ನೋಡುವ ದಿನ ನಾಳೆಯೇ ಇತ್ತು. ಸುಬ್ಬಲಕ್ಷ್ಮಿ ತನ್ನ ಪಾತಿಯ ಸುತ್ತ ತಿಂಗಳಿಂದ ಹಸಿರು ಬಲೆಯ ಪರದೆ ಕಟ್ಟಿ, ಆ ದಿನವೇ ತೆರೆಯುವುದು ಎಂದಿದ್ದಳು. ದಿನವೂ ಬಳಗದ ವಾಟ್ಸಾಪಿಗೆ ಗ್ಲಾಡಿಯೋಲಸ್ ಆರೈಕೆಯ ಪಾಠ ಬರುತ್ತಿತ್ತು: ಬುಡಕ್ಕೆ ಮಣ್ಣೇರಿಸಿ, ಗಾಳಿಗೆ ಬೀಳದಂತೆ ಬಿದಿರು ಕಡ್ಡಿ ಕೊಡಿ. ಇವತ್ತು ಸಂಜೆ ಗಂಗಾಂಬಿಕಾಳ ಹಿತ್ತಿಲಲ್ಲಿ ಪ್ರತಿ ದಂಟಿನ ಕೆಳಗಿನ ಮೊದಲ ಹೂ ಬಿರಿದಿತ್ತು. ಎಳೆ ಬಾಳೆಲೆಯ ಹಸಿರು. ಗಂಟಲಲ್ಲಿ ಕೆಂಪು. ಅವಳು ಎದುರಿಗೆ ಒದ್ದೆ ಸೀರೆ ಒಣಹಾಕಿ ಮರೆಮಾಡಿ, ಬೆಳಕು ಹರಿಯುವ ಮೊದಲೇ ಎದ್ದು ಎಲ್ಲವನ್ನೂ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕುವುದೆಂದು ಗಟ್ಟಿ ಮಾಡಿ, ದಿಂಬಿನಡಿ ಕತ್ತರಿ ಇಟ್ಟುಕೊಂಡು ಮಲಗಿದ್ದಳು.

ಆದರೆ ಈಗ ಯಾರೋ ಅವಳ ಕೆಲಸವನ್ನು ಅವಳಿಗಿಂತ ಮೊದಲೇ ಮಾಡುತ್ತಿದ್ದರು.

ದಿಂಬಿನಡಿಯ ಕತ್ತರಿ ತೆಗೆದುಕೊಂಡು ಹಿಂಬಾಗಿಲು ತೆರೆದಳು. ತಿಂಗಳ ಬೆಳಕಿತ್ತು. ಸೀರೆಯ ಆಚೆ ತಲೆಗೆ ಶಾಲು ಸುತ್ತಿದ ಆಕೃತಿಯೊಂದು ಬಗ್ಗಿತ್ತು.

“ಯಾರು?” ಎಂದು ಕೇಳಿದ್ದು ಬಗ್ಗಿದ್ದವಳು. ಕೇಳಬೇಕಾದವಳು ತಾನು ಎಂದು ಹೊಳೆಯುವ ಮೊದಲೇ ಗಂಗಾಂಬಿಕಾ ಉತ್ತರ ಕೊಟ್ಟಾಗಿತ್ತು.

“ನಾನ್ರೀ, ಗಂಗಾಂಬಿಕಾ.”

“ಓ, ನೀವಾ.” ಶಾಲಿನೊಳಗಿಂದ ಸುಬ್ಬಲಕ್ಷ್ಮಿಯ ಮುಖ ಮೇಲೆದ್ದಿತು. ಎಡಗೈಯಲ್ಲಿ ಹೂದಂಟುಗಳ ಕಂತೆ. “ನಿದ್ದೆ ಬಂದಿಲ್ವಾ ಗಂಗಕ್ಕಾ?”

“ಇಲ್ರಿ. ನಿಮಗ?”

“ನಂಗೂ ಇಲ್ಲೆ. ಈ ಸಲ ಚಳಿ ಜಾಸ್ತಿ.”

“ಹೌದ್ರಿ. ಬಾಳ ಅದ.”

ಚಳಿಯ ವಿಷಯ ಮುಗಿಯಿತು. ಇಬ್ಬರೂ ಒಬ್ಬರ ಕೈಯ ಕತ್ತರಿಯನ್ನು ಇನ್ನೊಬ್ಬರು ನೋಡಿದರು.

“ಊಟ ಆತೇನ್ರಿ?” ಎಂದು ಗಂಗಾಂಬಿಕಾ ಕೇಳಿದಳು. ಸರಿರಾತ್ರಿಯಲ್ಲಿ ಅದು ಕೇಳುವ ಮಾತಲ್ಲ. ಆದರೆ ಬೇರೆ ಯಾವ ಮಾತನ್ನು ಎತ್ತಿದರೂ ಅದು ಹಾವೇರಿಗೇ ಹೋಗಿ ನಿಲ್ಲುವಂತೆ ಕಂಡಿತು.

ಸುಬ್ಬಲಕ್ಷ್ಮಿ ಅದನ್ನೇ ಎತ್ತಿದಳು. “ಇದು ಹಾವೇರಿ ಗಡ್ಡೆ ಅಲ್ಲ ಗಂಗಕ್ಕಾ.”

“ಅಲ್ರಿ.” ಗಂಗಾಂಬಿಕಾಳ ಕಣ್ಣು ತುಂಬಿತು. “ನನ್ನ ತಪ್ಪಾತ್ರಿ ಸುಬ್ಬಕ್ಕಾ. ಬೆಕ್ಕಿಗೆ ಹಾಲು ಹಾಕಲಿಕ್ಕೆ ಬಂದಾಗ...”

“ಗೊತ್ತು ಮಾರಾಯ್ರೆ. ಯಲ್ಲಾಪುರದಿಂದ ಬಂದ ದಿವ್ಸವೇ ಗೊತ್ತಾತು. ಚೀಲದ ಗಂಟು ನೀವು ಚಂದ ಮಾಡಿ ಹೂವಿನ ನಮೂನಿ ಹಾಕಿದ್ರಿ. ನಾ ಯಾವಾಗ್ಲೂ ಸುತ್ತಿ ಬಿಡ್ತೆ ಅಷ್ಟೆ.”

“ಮತ್ತ ಕೇಳಲಿಲ್ಲ?”

“ಎಂತ ಕೇಳೂದು? ಆಕಾಶ ನೋಡ್ದೆ.”

ಗಂಗಾಂಬಿಕಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ನಾಲ್ಕು ತಿಂಗಳ ನಿದ್ದೆ ಸುಮ್ಮನೆ ಹಾಳಾಗಿತ್ತು. ಆಮೇಲೆ ಇನ್ನೊಂದು ಸಂಗತಿ ನೆನಪಾಯಿತು. “ನಿಮ್ಮ ಹಿತ್ತಲದಾಗ ಅಷ್ಟು ಇರೂಮುಂದ, ಇವನ್ಯಾಕ ಕೊಯ್ತೀರಿ?”

ಈಗ ಶಾಲಿನೊಳಗೆ ಮುಖ ಇಳಿದದ್ದು ಸುಬ್ಬಲಕ್ಷ್ಮಿಯದು. “ಒಂದೂ ಇಲ್ಲೆ ಗಂಗಕ್ಕಾ. ಹೆಗ್ಗಣ. ನೆಟ್ಟ ಹದಿನೈದು ದಿವ್ಸಕ್ಕೆ ಸಾಲಿಗೆ ಸಾಲೇ ತಿಂದು ಹಾಕ್ತು. ಮರಿಗಡ್ಡೆನೂ ಬಿಟ್ಟಿಲ್ಲೆ.”

“ಮತ್ತ ಆ ಪರದಿ ಒಳಗ?”

“ಬಿದಿರು ಕಡ್ಡಿ ಅದೆ.”

“ಬರೇ ಕಡ್ಡಿ?”

“ಚಂದ ಮಾಡಿ ಸಾಲಾಗಿ ಊರಿದ್ದೆ,” ಎಂದಳು ಸುಬ್ಬಲಕ್ಷ್ಮಿ, ಕುಗ್ಗಿದ ದನಿಯಲ್ಲಿ. “ವಾಟ್ಸಾಪಿಗೆ ಹಾಕಿದ್ದು ಹೋದ ವರ್ಷದ ಫೋಟೋ. ಅಧ್ಯಕ್ಷೆ ಆದವಳ ಗಡ್ಡೆ ಹೆಗ್ಗಣ ತಿಂತು ಹೇಳಿ ಹ್ಯಾಂಗೆ ಹೇಳೂದು? ಹೆಗ್ಗಣ ಓಡ್ಸೂ ಉಪಾಯದ ಪಾಠ ಮಾಡಿದ್ದೇ ನಾನು.”

ಕಲ್ಲಿನ ಮೇಲೆ ಕೂತ ಗಂಗಾಂಬಿಕಾಳಿಗೆ ನಗು ಬಂತು. ತಡೆದಳು. ತಡೆದದ್ದು ಮೂಗಿನಿಂದ ಬಂತು. ಸುಬ್ಬಲಕ್ಷ್ಮಿ ಮೊದಲು ಸಿಟ್ಟಿನಿಂದ ನೋಡಿ, ಆಮೇಲೆ ಶಾಲನ್ನು ಬಾಯಿಗೆ ತುರುಕಿಕೊಂಡಳು. ಒಬ್ಬಳಿಗೆ ಈ ಹೂ ಬೆಳಗಾಗುವುದರೊಳಗೆ ಇಲ್ಲಿಂದ ಹೋಗಬೇಕಿತ್ತು. ಇನ್ನೊಬ್ಬಳಿಗೆ ಬೆಳಗಾಗುವುದರೊಳಗೆ ಅಲ್ಲಿಗೆ ಬರಬೇಕಿತ್ತು. ಇದಕ್ಕೆ ಚರ್ಚೆಯ ಅಗತ್ಯ ಬೀಳಲಿಲ್ಲ.

ಗಡ್ಡೆ ಬಲಿಯಲು ಬುಡದಲ್ಲಿ ನಾಲ್ಕೈದು ಎಲೆ ಬಿಟ್ಟು, ಉಳಿದದ್ದನ್ನು ಹೂದಂಟಿನ ಸಮೇತ ಕೊಯ್ದರು. ಗೋಡೆಯ ಆಚೆ, ಸುಬ್ಬಲಕ್ಷ್ಮಿಯ ಪರದೆಯೊಳಗೆ, ಬಿದಿರು ಕಡ್ಡಿಯೊಂದೊಂದರ ಬುಡದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಹೂತು, ಅದರ ಬಾಯಿಗೆ ದಂಟನ್ನು ಇಳಿಸಿ, ಸುತ್ತ ಮಣ್ಣು ಮುಚ್ಚಿ, ಬಾಳೆನಾರಿನಿಂದ ಕಡ್ಡಿಗೆ ಕಟ್ಟಿದರು. ಅಂಥ ಹೊತ್ತಿನಲ್ಲೂ ಸುಬ್ಬಲಕ್ಷ್ಮಿಗೆ ಪಾಠ ಮಾಡದೆ ಇರಲಾಗಲಿಲ್ಲ.

“ಅಷ್ಟು ಆಳ ಬ್ಯಾಡ. ದಂಟು ಕೊಳೀತದೆ.”

“ನಾಳಿ ಮಧ್ಯಾಹ್ನದೊಳಗ ಕೊಳಿಯೂದಿಲ್ರಿ ಸುಬ್ಬಕ್ಕಾ.”

“ಹೌದೆ? ಹಾಂಗಾರೆ ಇರ್ಲಿ.”

ಹೊರಡುವಾಗ ಗಂಗಾಂಬಿಕಾ, “ಗಡ್ಡಿ ನಿಮ್ಮವು. ಬ್ಯಾಸಗ್ಯಾಗ ಕಿತ್ತು ಒಣಗಿಸಿ ವಾಪಸ್ ಕೊಡ್ತೇನ್ರಿ,” ಎಂದಳು.

“ಕೊಡೂದಾ?” ಸುಬ್ಬಲಕ್ಷ್ಮಿ ಬೆಚ್ಚಿದಳು. “ಕೊಟ್ಟರೆ ಬರ್ತದ ಮಾರಾಯ್ರೆ? ಯುಗಾದಿಗೆ ನೀವೆಲ್ಲ ಬನವಾಸಿಗೆ ಹೋಗ್ತ್ರಲ್ಲ, ಆವಾಗ ನಿಮ್ಮನೆ ಕೀಲಿಕೈ ನಂಗೆ ಕೊಟ್ಟಿಕ್ಕಿ ಹೋಗಿ. ಉಳಿದದ್ದು ನಾ ನೋಡ್ಕಂಬೆ.”

ಬೆಳಿಗ್ಗೆ ಬಳಗದವರು ಬಂದರು. ಮೊದಲು ಗಂಗಾಂಬಿಕಾಳ ಹಿತ್ತಿಲು. ಮೋಟಾಗಿ ನಿಂತ ಗಿಡಗಳನ್ನು ನೋಡಿ ರಾಜೀವಿ ಟೀಚರು ಎದೆಯ ಮೇಲೆ ಕೈ ಇಟ್ಟುಕೊಂಡರು.

“ಮುಳ್ಳಹಂದಿ ಬಂದಿತ್ರಿ,” ಎಂದಳು ಗಂಗಾಂಬಿಕಾ. ಇಡೀ ಬೆಳಗು ಅಭ್ಯಾಸ ಮಾಡಿದ ಮಾತು ಅದು.

ಟೀಚರು ಕನ್ನಡಕ ಸರಿಮಾಡಿ ಬಗ್ಗಿದರು. “ಎಲ್ಲ ಗಿಡವನ್ನೂ ಒಂದೇ ಅಳತೆಗೆ ತಿಂದಿದೆಯಲ್ಲ? ಕತ್ತರಿಸಿದ ಹಾಗಿದೆ.”

ಗಂಗಾಂಬಿಕಾಳ ಅಭ್ಯಾಸ ಅಲ್ಲಿಗೆ ಮುಗಿದಿತ್ತು. ಆಸರೆಗೆ ಬಂದದ್ದು ಪಾರ್ವತವ್ವ.

“ಸಿರ್ಸಿ ಮುಳ್ಳಹಂದಿ ಅಲ್ಲೇನ್ರೀ ಟೀಚರ್ರ,” ಎಂದಳು ಎಲೆಯಡಿಕೆ ಮೆಲ್ಲುತ್ತ. “ಸಾಲಿ ಕಲ್ತಿರ್ತಾವು.”

ಹೇಳಿ ಮುಗಿಸಿ, ಸೊಸೆಯ ಸೆರಗಿಗೆ ಅಂಟಿದ್ದ ಬಾಳೆನಾರನ್ನು ನೋಡಿ, ಮುದುಕಿ ನಿಧಾನವಾಗಿ ಮುಖವನ್ನು ಆಕಾಶದತ್ತ ತಿರುಗಿಸಿದಳು.

ಸುಬ್ಬಲಕ್ಷ್ಮಿಯ ಮನೆಯಲ್ಲಿ ಪರದೆ ಸರಿಯಿತು. ಹಸಿರು ಹೂಗಳು ಸಾಲಾಗಿ, ಬೆಳಗಿನ ಬಿಸಿಲನ್ನು ತಮ್ಮೊಳಗಿಂದ ಹಾಯಿಸಿಕೊಂಡು ನಿಂತಿದ್ದವು. ರಾತ್ರಿ ಕಳೆಯುವುದರೊಳಗೆ ಇನ್ನೂ ಒಂದೊಂದು ಮೊಗ್ಗು ಬಿರಿದಿತ್ತು. ತಾನು ನೆಟ್ಟದ್ದು ಕೊನೆಗೂ ಹೂ ಬಿಟ್ಟಿತು, ಗೋಡೆಯ ಆಚೆಗಾದರೂ, ಎಂದುಕೊಂಡಳು ಗಂಗಾಂಬಿಕಾ. ಎಲ್ಲರೂ ಫೋಟೋ ತೆಗೆದರು. ಸುಬ್ಬಲಕ್ಷ್ಮಿ ಹೆಗ್ಗಣ ಬಾರದಂತೆ ಏನು ಮಾಡಬೇಕೆಂದು ವಿವರಿಸಿದಳು.

ಆಗ ನೇತ್ರಾ ಮುಂದೆ ಬಂದಳು. ಸಿದ್ದಾಪುರದ ಕಡೆಯ ಹುಡುಗಿ, ಮದುವೆಯಾಗಿ ಓಣಿಗೆ ಹೊಸದಾಗಿ ಬಂದವಳು. ಓಣಿಯ ಕ್ರಮವನ್ನು ಯಾರೋ ಕಲಿಸಿದ್ದರು. ಹಸಿರು ಗ್ಲಾಡಿಯೋಲಸ್ ಅದರ ಹೊರಗೆ ಎಂಬುದನ್ನು ಕಲಿಸಿರಲಿಲ್ಲ.

“ಅಕ್ಕಾ, ಎಷ್ಟು ಚಂದ ಬಂದೈತೆ!” ಎಂದಳು ನೇತ್ರಾ. ಆಮೇಲೆ, ಒಂದೇ ಉಸಿರಿನಲ್ಲಿ, “ಒಂಚೂರು ಕುಡಿಯಕ್ಕೆ ನೀರು ಕೊಡ್ತ್ರಾ?”

ಸುಬ್ಬಲಕ್ಷ್ಮಿ ಗಂಡನನ್ನು ಕೂಗಲು ಬಾಯಿ ತೆರೆದಳು. ಆದರೆ ಅವನು ಪೇಟೆಗೆ ಹೋಗಿದ್ದ. “ಕಷಾಯ ಮಾಡಿದ್ದೆ, ಎಲ್ಲರೂ ಒಳಗೆ ಬನ್ನಿ, ಅಲ್ಲೇ ನೀರು ಕೊಡ್ತೆ,” ಎಂದಳು ಅವಸರದಲ್ಲಿ.

“ನೀವೆಲ್ಲ ನಡೀರಿ. ನಾ ಒಂದು ಫೋಟೋ ತೆಕ್ಕಂಡು ಬತ್ತೀನಿ,” ಎಂದಳು ನೇತ್ರಾ.

ಎಲ್ಲರಿಗೂ ಅರ್ಥವಾಯಿತು. ಹೊಸ ಸೊಸೆಯ ಮೊದಲ ಕಳ್ಳತನ. ಹಸಿರು ಗ್ಲಾಡಿಯೋಲಸ್ಸೇ ಆದರೂ ಅಡ್ಡಿ ಮಾಡುವುದು ಓಣಿಯ ಮರ್ಯಾದೆಯಲ್ಲ. ರಾಜೀವಿ ಟೀಚರು ಸುಬ್ಬಲಕ್ಷ್ಮಿಯ ತೋಳು ಹಿಡಿದು ಕರೆದುಕೊಂಡೇ ಹೋದರು. ಸುಬ್ಬಲಕ್ಷ್ಮಿ ತಿರುಗಿ ಗಂಗಾಂಬಿಕಾಳನ್ನು ನೋಡಿದ ನೋಟ, ಮುಳುಗುವವಳು ದಡದಲ್ಲಿರುವವರನ್ನು ನೋಡುವಂತಿತ್ತು.

ಗಂಗಾಂಬಿಕಾ ಜಗುಲಿಯ ಕಂಬದ ಹತ್ತಿರ ನಿಂತುಬಿಟ್ಟಳು. ನೋಡಬಾರದು. ನೋಡದೆ ಇರುವುದು ಅವಳ ಜಾಯಮಾನದಲ್ಲಿ ಇಲ್ಲ.

ನೇತ್ರಾ ಅತ್ತಿತ್ತ ಕಣ್ಣು ಹಾಯಿಸಿ, ತುದಿಯ ಗಿಡದ ಬುಡಕ್ಕೆ ಕೈ ಹಾಕಿ, ಬಲವಾಗಿ ಕೀಳಬೇಕಾದೀತೆಂದು ಕಾಲು ಊರಿ ಎಳೆದಳು. ಬಾಳೆನಾರು ಕಳಚಿ ಅದು ಎಳೆಯುವ ಮೊದಲೇ ಬಂದಿತು. ಅವಳು ಎರಡು ಹೆಜ್ಜೆ ಹಿಂದೆ ಹೋಗಿ ಕೂತೇಬಿಟ್ಟಳು. ಕೈಯಲ್ಲಿ ಗಡ್ಡೆಯಿಲ್ಲದ, ಬೇರಿಲ್ಲದ, ತುದಿಯಿಂದ ತೊಟತೊಟ ನೀರು ಸೋರುವ ಹೂದಂಟು. ನೇತ್ರಾ ಅದರ ಕತ್ತರಿಸಿದ ತುದಿಯನ್ನು ನೋಡಿದಳು. ಪಾತಿಯ ತೂತಿನೊಳಗೆ ಬಗ್ಗಿ ನೋಡಿದಳು. ಒಳಗಿಂದ ಬಾಟಲಿಯ ಬಾಯಿ ಅವಳನ್ನು ನೋಡಿತು. ತುಂಬ ಹೊತ್ತು ಯೋಚಿಸಿದಳು. ಆಮೇಲೆ ದಂಟನ್ನು ಮೆಲ್ಲನೆ ಬಾಟಲಿಗೆ ಇಳಿಸಿ, ಕಡ್ಡಿಗೆ ಕಟ್ಟಿ, ಮಣ್ಣು ಮುಚ್ಚಿ, ಮಗುವನ್ನು ಮಲಗಿಸುವಂತೆ ಎರಡು ಸಲ ತಟ್ಟಿ, ಎದ್ದು ಜಗುಲಿಯ ಕಡೆ ತಿರುಗಿದಳು.

ಗಂಗಾಂಬಿಕಾ ಆಗಲೇ ಆಕಾಶ ನೋಡುತ್ತಿದ್ದಳು. ಜೀವನದಲ್ಲಿ ಮೊದಲ ಸಲ ಅದನ್ನು ಸರಿಯಾದ ಹೊತ್ತಿಗೆ ಮಾಡಿದ್ದಳು.

ಒಳಗೆ ಸುಬ್ಬಲಕ್ಷ್ಮಿ ನೀರಿನ ಲೋಟ ಕೊಟ್ಟಳು. ನೇತ್ರಾ ಪೂರ್ತಿ ಕುಡಿದಳು. “ನೀರು ಚಲೋ ಐತೆ ಅಕ್ಕಾ,” ಎಂದಳು, ಅಷ್ಟೆ. ಸುಬ್ಬಲಕ್ಷ್ಮಿ ಬಗ್ಗಿ ಅವಳ ಕೈಚೀಲವನ್ನು ನೋಡಿದಳು. ಅದು ಚಪ್ಪಟೆಯಾಗಿತ್ತು. ಸುಬ್ಬಲಕ್ಷ್ಮಿಯ ಮುಖದಲ್ಲಿ ನೆಮ್ಮದಿ ಹರಡಿತು; ಎಲ್ಲರಿಗೂ ಎರಡನೆಯ ಸಲ ಕಷಾಯ ಬಂತು. ಕದ್ದಿಲ್ಲ, ಆದ್ದರಿಂದ ಗೊತ್ತಾಗಿಲ್ಲ ಎಂದು ಅವಳ ಲೆಕ್ಕ.

ಸಂಜೆ ನೇತ್ರಾ ಗಂಗಾಂಬಿಕಾಳ ಹಿತ್ತಿಲ ಗೇಟಿನ ಬಳಿ ಬಂದು ನಿಂತಳು. “ಅಕ್ಕಾ, ಸಿದ್ದಾಪುರಕ್ಕೆ ಹೋಗಿ ನಾಡಿದ್ದು ಬತ್ತೀವಿ. ಕೀಲಿಕೈ ಇಟ್ಕಣಿ. ಎಲ್ರೂ ನಿಮ್ಮತ್ರನೇ ಕೊಡೋದಂತಲ್ಲ.” ಕೊಟ್ಟ ಮೇಲೂ ಹೋಗಲಿಲ್ಲ. “ಬೆಳಿಗ್ಗೆ ಸುಬ್ಬಕ್ಕನ ಹೂವು...”

“ಹೂಂ?” ಎಂದಳು ಗಂಗಾಂಬಿಕಾ.

ನೇತ್ರಾ ಅವಳ ಮುಖವನ್ನು ನೋಡಿದಳು. ಪಾತಿಯಲ್ಲಿ ಒಂದೇ ಅಳತೆಗೆ ನಿಂತ ಮೋಟು ಗಿಡಗಳನ್ನು ನೋಡಿದಳು. “ಚಂದ ಇದ್ವು, ಅಲ್ಲನಕ್ಕಾ?”

“ಬಾಳ ಚಂದ ಇದ್ದುವವ್ವಾ.”

ಒಳಗೆ ಬಂದು ಕೀಲಿಕೈಯನ್ನು ಖಾಲಿ ಮೊಳೆಯೊಂದಕ್ಕೆ ಸಿಕ್ಕಿಸಿದಳು. ನೇತ್ರಾ ಬಾಟಲಿ ನೋಡಿಬಿಟ್ಟಳು ಎಂದು ಸುಬ್ಬಕ್ಕನಿಗೆ ಹೇಳಿದರೆ ಅವಳು ಮೂರು ತಿಂಗಳು ಮಲಗುವುದಿಲ್ಲ. ಆ ಸುಖ ಏನೆಂದು ಗಂಗಾಂಬಿಕಾಳಿಗೆ ಗೊತ್ತು. ನೀನು ಕಿತ್ತದ್ದನ್ನು ನಾನು ನೋಡಿದೆ ಎಂದು ನೇತ್ರಾಳಿಗೆ ಹೇಳಿದರೆ ಆ ಹುಡುಗಿ ಇನ್ನು ಯಾರ ಗಿಡಕ್ಕೂ ಕೈ ಹಾಕಲಿಕ್ಕಿಲ್ಲ.

“ಏನ್ ಅಂದ್ಲು ಆ ಹುಡುಗಿ?” ಎಂದು ಪಾರ್ವತವ್ವ ಹೊಸ್ತಿಲಿಂದಲೇ ಕೇಳಿದಳು.

ಗಂಗಾಂಬಿಕಾ ಕೀಲಿಕೈ ಅಲುಗಾಡದಂತೆ ಬೆರಳಿನಿಂದ ಹಿಡಿದು ನಿಲ್ಲಿಸಿದಳು. ಅತ್ತೆಗೂ ಹೇಳುವುದಿಲ್ಲ, ಗಂಡನಿಗೂ ಇಲ್ಲ, ಯಾರಿಗೂ ಇಲ್ಲ.

“ಏನಿಲ್ರಿ ಅತ್ತೀ,” ಎಂದಳು. “ಊರಿಗೆ ಹೊಂಟಾಳಂತ.”